ಸತ್ಯಾಗ್ರಹಿಗಳು ಸಚಿವರಾದ ಕಾಲ

ಲಾಲ್‌ಬಾಗಿಗೆ ದಕ್ಷಿಣದಲ್ಲಿ, ಜಯನಗರದ ಪ್ರವೇಶದಲ್ಲಿಯೇ ನಿಂತಿರುವ ಅಶೋಕ ಸ್ತಂಭವನ್ನು ದಿನಂಪ್ರತಿ ಬಳಸಿ ಹೋಗುವ ಸಾವಿರಾರು ಮಂದಿಗೆ ಅದು ಬಸ್ಸು ನಿಲ್ಲುವ ಒಂದು ಸ್ಥಳದ ಗುರುತಾಗಿ ಪರಿಣಮಿಸಿದೆಯಷ್ಟೆ. ಆದರೆ ಗವರ್ನರ್ ಜನರಲ್ ಪದವಿಯನ್ನು ವಹಿಸಿಕೊಂಡು ಎರಡು ತಿಂಗಳಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1948ರ ಆಗಸ್ಟ್ ಮಾಸದಲ್ಲಿ ಇಲ್ಲಿ ನೂತನ ಬಡಾವಣೆಗೆ ಅಸ್ತಿಭಾರವನ್ನಿಟ್ಟಾಗ, ಮೈಸೂರು ಸಂಸ್ಥಾನದ ಮುಖ್ಯಮಂತ್ರಿಯ ಪೀಠದಲ್ಲಿ ಕುಳಿತಿದ್ದ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು ಹತ್ತು ತಿಂಗಳ ಹಿಂದಷ್ಟೇ ಅದೇ ಸಂಸ್ಥಾನದ ಸೆರೆಮನೆಯಿಂದ ಹೊರಬಂದವರಾಗಿದ್ದರು. ಸರ್ಕಾರದ ಆಜ್ಞೆಯನ್ನು ಉಲ್ಲಂಘಿಸುವುದೇ ಧರ್ಮವೆಂದು ಊರೂರಿನಲ್ಲಿ ಸಾರಿದ ಜನರು, ಒಂದು ವರ್ಷವೂ ತುಂಬುವ ಮೊದಲೇ, ಆಜ್ಞೆಗಳನ್ನು ಹೊರಡಿಸುವವರಾಗಿ ನಗರವೊಂದರ ದಕ್ಷಿಣ ದಿಕ್ಕನ್ನು ಬ್ಲಾಕುಗಳನ್ನಾಗಿಯೂ ಅಡ್ಡರಸ್ತೆಗಳನ್ನಾಗಿಯೂ ವಿಭಜಿಸುವ ಕಾರ್ಯದಲ್ಲಿ ತೊಡಗಿದ್ದರು. ಈ ಪರಿವರ್ತನೆಯ ಒಳಗೆ ಏನು ನಡೆಯಿತೆಂಬುದು ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವ ವಿಷಯ.

ಅಧಿಕಾರವು ಮನುಷ್ಯನನ್ನು ಕೆಡಿಸುತ್ತದೆ, ಆದಕಾರಣ ಚಳವಳಿಯೂ ಕೆಡುತ್ತದೆ ಎಂಬ ಸುಲಭವಾದ ಉತ್ತರವೊಂದು ಎಲ್ಲರ ನಾಲಗೆಯ ಮೇಲೂ ಇದೆ. ಅದು ಸುಳ್ಳಲ್ಲ, ಆದರೆ ಸಾಲದು. ಮೈಸೂರಿನ ಮೊದಲ ಜನಪ್ರಿಯ ಮಂತ್ರಿಮಂಡಲದಲ್ಲಿ ಶುದ್ಧಚಾರಿತ್ರ್ಯದ ಪುರುಷರಿಗೆ ಕೊರತೆಯಿರಲಿಲ್ಲ, ಮತ್ತು ಅವರಲ್ಲಿ ಹಲವರು ಖಾದಿಯಲ್ಲಿಯೇ ಬಂದು ಖಾದಿಯಲ್ಲಿಯೇ ನಿರ್ಗಮಿಸಿದರು. ಬದಲಾದದ್ದು ಮುಖ್ಯವಾಗಿ ಅವರ ಶೀಲವಲ್ಲ, ಅವರು ಪ್ರತಿದಿನ ಯಾರ ಮಾತಿಗೆ ಕಿವಿಗೊಡಬೇಕಾಗಿತ್ತೋ ಆ ಜನ. ಚಳವಳಿಯ ಕಾಲದಲ್ಲಿ ಗೇಣಿದಾರನೂ ಗಿರಣಿಯ ಕೂಲಿಯೂ ವಿದ್ಯಾರ್ಥಿಯೂ ಅವರ ಬಾಗಿಲಲ್ಲಿದ್ದರು. ಅಧಿಕಾರದ ಕಾಲದಲ್ಲಿ ಕಾರ್ಯದರ್ಶಿಯೂ ಖಜಾನೆಯ ಲೆಕ್ಕವೂ ಶಾಸಕರ ಬಣವೂ ಬಾಗಿಲಲ್ಲಿದ್ದವು. ಹೊರಗುಳಿದ ಬೇಡಿಕೆ ಎಲ್ಲಿಯೂ ಕರಗಿಹೋಗಲಿಲ್ಲ. ಅದು ಬೇರೊಂದು ಬಾಯಿಯನ್ನು ಹುಡುಕಿಕೊಂಡು, ಹಳೆಯ ಸತ್ಯಾಗ್ರಹಿಗಳ ಎದುರಿಗೇ ಸತ್ಯಾಗ್ರಹವಾಗಿ ಬಂದು ನಿಂತಿತು.

ಈ ಕ್ರಮದ ಒಂದು ಸೌಮ್ಯವಾದ ಪೂರ್ವರೂಪವನ್ನು ನಾವು 1917ರಲ್ಲಿಯೇ ಕಾಣುತ್ತೇವೆ. ಆ ವರ್ಷ ಎಂ. ಬಸವಯ್ಯ, ಸಿ. ಆರ್. ರೆಡ್ಡಿ ಮೊದಲಾದವರು ಸ್ಥಾಪಿಸಿದ ಪ್ರಜಾಮಿತ್ರ ಮಂಡಳಿಯು, ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ನ್ಯಾಯವಾದ ಪಾಲು ದೊರೆಯಬೇಕೆಂದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸನ್ನಿಧಿಯಲ್ಲಿ ಬಿನ್ನವಿಸಿಕೊಂಡಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನೂ ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲನ್ನೂ ಹಿಂದುಳಿದ ವರ್ಗಗಳಿಗೆ ಒದಗಿಸಬೇಕೆಂದು ಆ ಸಮಿತಿ ಸೂಚಿಸಿತು. ಭಾರತದಲ್ಲಿಯೇ ಮುಂಚೂಣಿಯದೆನ್ನಬಹುದಾದ ಈ ಕ್ರಮವು ಜಾರಿಗೆ ಬಂದ ನಂತರ ಮಂಡಳಿಯ ಚೈತನ್ಯವು ಕ್ರಮೇಣ ಇಳಿದುಹೋಯಿತು. ಬೇಡಿದ್ದು ದೊರೆತ ಮೇಲೆ ಅದನ್ನು ದೊರಕಿಸಿಕೊಂಡವರು ಕಛೇರಿಗಳೊಳಕ್ಕೆ ಹೋದರು. ಹಳ್ಳಿಯಲ್ಲಿ ಉಳಿದವನ ವಿಷಯವನ್ನು ಎತ್ತಲು ಇನ್ನೊಂದು ಪಕ್ಷವೇ ಬೇಕಾಯಿತು. ಪ್ರಜಾಪಕ್ಷವಾಗಿಯೂ ಅನಂತರ ಪ್ರಜಾ ಸಂಯುಕ್ತ ಪಕ್ಷವಾಗಿಯೂ ರೂಪಾಂತರ ಹೊಂದಿದ ಆ ಪ್ರವಾಹವು 1937ರಲ್ಲಿ ಮೈಸೂರು ಕಾಂಗ್ರೆಸ್ಸಿನೊಡನೆ ಸಂಗಮಿಸಿತು. ನಗರದ ವಕೀಲರ ಸಭೆಯಂತಿದ್ದ ಕಾಂಗ್ರೆಸ್ಸಿಗೆ ಒಕ್ಕಲಿಗ-ಲಿಂಗಾಯತ ಗ್ರಾಮಾಂತರ ಪ್ರದೇಶದ ಬಲವು ದೊರೆತದ್ದು ಈ ಸಂಗಮದಿಂದ; ಕೆ. ಸಿ. ರೆಡ್ಡಿಯವರೂ ಆ ಪ್ರವಾಹದಿಂದಲೇ ಬಂದವರು.

ಮುಂದಿನ ಹತ್ತು ವರ್ಷಗಳ ಕಥೆಯನ್ನು ನಮ್ಮ ಶಾಲೆಯ ಪಠ್ಯಗಳು ಹೇಳುತ್ತವೆ. 1938ರ ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಧ್ವಜ ಸತ್ಯಾಗ್ರಹ. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರ ಗೋಲಿಬಾರು. ತದನಂತರ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾಡಿಕೊಂಡ ಒಪ್ಪಂದ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನೇ ಸ್ವತಂತ್ರವೆಂದು ಘೋಷಿಸಿಕೊಂಡು, ಮರುವರ್ಷ ತನ್ನ ಐವರು ಪುತ್ರರನ್ನು ಗಲ್ಲಿಗೆ ಒಪ್ಪಿಸಿದ ದಾರುಣ ಪ್ರಸಂಗ. ಈ ಎಲ್ಲದರಲ್ಲಿಯೂ ಜನರು ಕೇಳುತ್ತಿದ್ದುದು ಒಂದೇ: ಜವಾಬ್ದಾರಿ ಸರ್ಕಾರ. ಪ್ರಜೆಗಳಿಂದ ಆರಿಸಲ್ಪಟ್ಟು ಪ್ರಜೆಗಳಿಗೆ ಉತ್ತರ ಹೇಳುವ ಸರ್ಕಾರ. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸಿದರೂ ಮೈಸೂರಿನಲ್ಲಿ ಈ ಬೇಡಿಕೆ ಈಡೇರಿರಲಿಲ್ಲವಾದ್ದರಿಂದ, ಸೆಪ್ಟೆಂಬರ್ 1ರಿಂದ 'ಮೈಸೂರು ಚಲೋ' ಆರಂಭವಾಯಿತು. 'ಆರ್ಕಾಟ್ ಬಾಯ್ಕಾಟ್' ಎಂಬ ಘೋಷಣೆ ಬೀದಿಬೀದಿಗಳಲ್ಲಿ ಕೇಳಿಬಂದಿತು. ಆ ಘೋಷಣೆಗೆ ಗುರಿಯಾದ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ಮದರಾಸಿನ ಜಸ್ಟಿಸ್ ಪಕ್ಷದ ಅಗ್ರಗಣ್ಯ ನಾಯಕರಾಗಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು: ಒಂದು ಪ್ರಾಂತದ ಸಾಮಾಜಿಕ ನ್ಯಾಯದ ಚಳವಳಿಯಿಂದ ಮೇಲೆ ಬಂದವರು ಇನ್ನೊಂದು ಪ್ರಾಂತದ ಜನಚಳವಳಿಯ ಎದುರಿಗೆ ಸಿಂಹಾಸನದ ರಕ್ಷಕರಾಗಿ ನಿಂತಿದ್ದರು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು. ಅದೇ ತಿಂಗಳು 25ರಂದು ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸಿಕೊಂಡಿತು.

ಅವರ ಕೈಗೆ ಬಂದದ್ದು ಹೊಸ ಯಂತ್ರವಲ್ಲ. ಪೊಲೀಸು, ಕಂದಾಯ, ಅಮಲ್ದಾರಿಕೆ, ಎಲ್ಲವೂ ಹಿಂದಿನವೇ. ದಿವಾನರೂ 1949ರವರೆಗೆ ಇದ್ದರು. ಜಯನಗರವನ್ನು ನಿರ್ಮಿಸಿದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಸಹ 1945ರಲ್ಲಿ ದಿವಾನರ ಆಡಳಿತವು ಶಾಸನಬದ್ಧವಾಗಿ ಸ್ಥಾಪಿಸಿದ್ದ ಸಂಸ್ಥೆ. ಸಾರ್ವಜನಿಕ ಪ್ರಯೋಜನಕ್ಕೆಂದು ಹೊಲಗದ್ದೆಗಳನ್ನು ವಶಪಡಿಸಿಕೊಳ್ಳುವ ಅಧಿಕಾರವು ಅರಮನೆಯ ಸರ್ಕಾರದಿಂದ ಜನತೆಯ ಸರ್ಕಾರಕ್ಕೆ ಒಂದಕ್ಷರವೂ ಬದಲಾಗದೆ ಹಸ್ತಾಂತರವಾಯಿತು. ಬೈರಸಂದ್ರ, ಕನಕನಪಾಳ್ಯ, ಸಿದ್ಧಾಪುರ, ಯಡಿಯೂರು ಮುಂತಾದ ಗ್ರಾಮಗಳ ಸುತ್ತಣ ಬಯಲು ವಿಶಾಲವಾದ ರಸ್ತೆಗಳೂ ಉದ್ಯಾನಗಳೂ ಉಳ್ಳ ಸುಂದರ ಬಡಾವಣೆಯಾಯಿತೆಂಬುದು ನಿಜ, ಮತ್ತು ಈ ಬಡಾವಣೆಯ ಮರಗಳ ನೆರಳಿನಲ್ಲಿ ಬಾಳಿದ ನಾವು ಅದನ್ನು ಕೃತಜ್ಞತೆಯಿಂದಲೇ ಹೇಳಬೇಕು. ಆದರೆ ಗ್ರಾಮಗಳು ಬ್ಲಾಕುಗಳ ನಡುವೆ ಇಕ್ಕಟ್ಟಾದ ಓಣಿಗಳಾಗಿ ಉಳಿದುವು, ನಿವೇಶನಗಳು ಬಹುಪಾಲು ಸರ್ಕಾರಿ ನೌಕರರಿಗೂ ವಿದ್ಯಾವಂತ ಮಧ್ಯಮವರ್ಗಕ್ಕೂ ಸಂದುವು. ದಿವಾನರ ಕಾಲದ ಬೋರ್ಡು ಕಟ್ಟಿದ್ದರೂ ಬಡಾವಣೆ ಇದಕ್ಕಿಂತ ಭಿನ್ನವಾಗಿರುತ್ತಿತ್ತೆಂದು ಹೇಳುವುದು ಕಷ್ಟ. ಮುಂದೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಾಗಿ ಸಂಕ್ಷೇಪಗೊಂಡದ್ದು ಇದೇ ಯಂತ್ರದ ಮುಂದುವರಿದ ಚಲನೆಯಿಂದ.

ಯಂತ್ರದ ನಿಜವಾದ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಲ್ಲ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರ ಎಷ್ಟಿರಬೇಕೆಂಬ, ಹೊರಗಿನವರಿಗೆ ಅತ್ಯಲ್ಪವೆಂದು ತೋರುವ, ಆದರೆ ಒಕ್ಕಲಿನ ಮನೆಯಲ್ಲಿ ವರ್ಷದ ಕೊನೆಯ ತಿಂಗಳುಗಳ ಊಟವನ್ನೇ ನಿರ್ಧರಿಸುವ ಒಂದು ವಿವಾದವು ದೀವರ ಗೇಣಿದಾರರಿಗೂ ಅಲ್ಲಿನ ಭೂಮಾಲೀಕರಿಗೂ ನಡುವೆ ಹುಟ್ಟಿ, ಎಚ್. ಗಣಪತಿಯಪ್ಪನವರ ನೇತೃತ್ವದ ರೈತ ಸಂಘದಿಂದ ಸಂಘಟಿತವಾಗಿ, 1951ರ ಏಪ್ರಿಲಿನಲ್ಲಿ ಸತ್ಯಾಗ್ರಹದ ರೂಪವನ್ನು ತಾಳಿತು. ತೆರವು ಮಾಡಬೇಕೆಂದು ತಮಗೆ ಹೇಳಿದ್ದ ಹೊಲಕ್ಕೇ ಗೇಣಿದಾರರು ಇಳಿದು ಉತ್ತರು. ಪೊಲೀಸರು ಹಿಡಿದು ಸೆರೆಮನೆಗೆ ಕಳಿಸಿದರು. ಮರುದಿನ ಇನ್ನೊಂದು ತಂಡ ಇಳಿಯಿತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಅದರ ಹಿಂದೆ ನಿಂತರು. ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಲಾಯಿತು. ಈ ಬಂಧನಗಳಿಗೆ ಆಜ್ಞೆ ಕೊಟ್ಟದ್ದು ನಾಲ್ಕು ವರ್ಷಗಳ ಹಿಂದೆ ಇದೇ ವಿಧಾನದಿಂದ, ಇದೇ ಪೊಲೀಸರಿಂದ ಬಂಧಿತರಾದವರ ಸರ್ಕಾರ. ಶಾಂತಿಪಾಲನೆ, ಕಾನೂನು, ಹೊರಗಿನವರ ಪ್ರಚೋದನೆ ಎಂಬ ಮಾತುಗಳು ದಿವಾನರ ಕಛೇರಿಯಿಂದ ಹೊರಟು ಎಷ್ಟು ಬೇಗ ಮಂತ್ರಿಗಳ ನಾಲಗೆಗೆ ಒಗ್ಗಿಹೋದವೆಂಬುದನ್ನು ಕಂಡಾಗ ಮನಸ್ಸಿಗೆ ವ್ಯಥೆಯಾಗುತ್ತದೆ.

ಆದರೆ ಆ ಸರ್ಕಾರವು ಗೇಣಿದಾರನ ವಿರೋಧಿಯಾಗಿತ್ತೆಂದು ಒಂದೇ ಮಾತಿನಲ್ಲಿ ತೀರ್ಪುಕೊಡುವುದು ಅನ್ಯಾಯ. ಮಲೆನಾಡಿನವರೇ ಆದ ಕಡಿದಾಳ್ ಮಂಜಪ್ಪನವರು ಕಂದಾಯ ಖಾತೆಯನ್ನು ನಿರ್ವಹಿಸಿದ ವರ್ಷಗಳಲ್ಲಿ 1952ರ ಗೇಣಿ ಶಾಸನವೂ 1954ರ ಇನಾಮು ರದ್ದಿಯಾತಿ ಶಾಸನವೂ ಬಂದವು. ತೊಡಕು ಬೇರೆಡೆ ಇದ್ದಿತು: ಚಳವಳಿಯನ್ನು ಹಳ್ಳಿಗೆ ಕೊಂಡೊಯ್ದವರೇ ಹಳ್ಳಿಯ ಭೂಮಿಯ ಒಡೆಯರಾಗಿದ್ದರು, ಶಾಸನಸಭೆಯಲ್ಲಿ ಮಂತ್ರಿಮಂಡಲವನ್ನು ಎತ್ತಿಹಿಡಿದಿದ್ದ ಕೈಗಳೂ ಅವರವೇ. ಆದ್ದರಿಂದ ಶಾಸನ ಬಂದಿತು, ಅದರ ಹಲ್ಲು ಬರಲಿಲ್ಲ. 1952ರ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರವು ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. ಕಾಗೋಡಿನ ಬೇಡಿಕೆಗೆ ನಿಜವಾದ ಉತ್ತರವು ದೊರೆತದ್ದು ಇಪ್ಪತ್ತಮೂರು ವರ್ಷಗಳ ಬಳಿಕ, ದೇವರಾಜ ಅರಸರ ಕಾಲದಲ್ಲಿ: 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲವೂ ಸರ್ಕಾರಕ್ಕೆ ಸೇರಿದ್ದೆಂದು ಸಾರಿದ ತಿದ್ದುಪಡಿಯೂ, ವಕೀಲರಿಗೆ ವಾದಿಸಲು ಅವಕಾಶವಿಲ್ಲದ ಭೂನ್ಯಾಯ ಮಂಡಲಿಗಳೂ ಬಂದಾಗ. ಆ ಮಂಡಲಿಗಳಲ್ಲಿ ಅಧಿಕಾರಿಯ ಜೊತೆಗೆ ಸಾರ್ವಜನಿಕ ಸದಸ್ಯರೂ ಕುಳಿತರು, ಗೇಣಿದಾರನು ತನ್ನ ಮಾತಿನಲ್ಲಿ ತಾನೇ ಹೇಳಿಕೊಂಡನು. ಅರಸರ ಶಾಸನಕ್ಕೆ ಹಲ್ಲು ಬಂದುದಕ್ಕೆ ಇದೇ ಪ್ರಬಲವಾದ ಕಾರಣವೆಂಬುದು ನನ್ನ ಅಭಿಮತ.

ಗಾಂಧೀಜಿಯವರಿಗೆ ಈ ಸಂಕಟವು ಮುಂದಾಗಿಯೇ ಕಂಡಿತ್ತು. ತಮ್ಮ ಹತ್ಯೆಯ ಮುನ್ನಾದಿನಗಳಲ್ಲಿ ಅವರು ಬರೆದಿಟ್ಟ ಕರಡಿನಲ್ಲಿ, ಕಾಂಗ್ರೆಸ್ಸು ತನ್ನ ಕಾರ್ಯವನ್ನು ಮುಗಿಸಿದೆಯಾದ್ದರಿಂದ ಅದು ವಿಸರ್ಜನೆಗೊಂಡು ಲೋಕಸೇವಕ ಸಂಘವಾಗಿ ಹಳ್ಳಿಗಳಿಗೆ ಹೋಗಬೇಕೆಂದು ಸೂಚಿಸಿದ್ದರು. ಅದು ನಡೆಯಲಿಲ್ಲ, ಬಹುಶಃ ನಡೆಯುವಂತೆಯೂ ಇರಲಿಲ್ಲ. ಬೆಂಗಳೂರಿನ ಗಿರಣಿಗಳಲ್ಲಿ ಕಾರ್ಮಿಕ ಸಂಘಗಳನ್ನು ಕಟ್ಟಿ ಅನೇಕ ಬಾರಿ ಸೆರೆವಾಸ ಅನುಭವಿಸಿದ ಕೆ. ಟಿ. ಭಾಷ್ಯಂ ಅವರು ರೆಡ್ಡಿಯವರ ಮಂತ್ರಿಮಂಡಲದಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿಕೊಂಡಾಗ, ಕಾರ್ಮಿಕನಿಗೆ ತನ್ನವನೊಬ್ಬನು ಸಚಿವನಾದ ಹೆಮ್ಮೆಯೂ, ಗಿರಣಿಯ ಬಾಗಿಲಲ್ಲಿ ತನ್ನ ಪರವಾಗಿ ನಿಲ್ಲುತ್ತಿದ್ದವನೊಬ್ಬನು ಇಲ್ಲವಾದ ನಷ್ಟವೂ ಏಕಕಾಲಕ್ಕೆ ಒದಗಿದವು. ಚಳವಳಿಯು ತನ್ನ ಉತ್ತಮೋತ್ತಮರನ್ನು ಅಧಿಕಾರಕ್ಕೆ ಅರ್ಪಿಸುತ್ತದೆ, ಮತ್ತು ಅದರಿಂದಲೇ ತಾನು ಬಡವಾಗುತ್ತದೆ.

ಖಜಾನೆಯ ಒತ್ತಾಯವು ನಂಬಿಕೆಯನ್ನು ಹೇಗೆ ಮಣಿಸುತ್ತದೆಂಬುದಕ್ಕೆ ಪಾನನಿರೋಧದ ಕಥೆಯಷ್ಟು ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಹೆಂಡದ ಮೂಲವಾದ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿ ಸೆರೆಮನೆಗೆ ಹೋದ ತರುಣ ವಕೀಲರು ಎಸ್. ನಿಜಲಿಂಗಪ್ಪನವರು. ಅವರೇ ಮುಖ್ಯಮಂತ್ರಿಗಳಾಗಿದ್ದ 1960ರ ದಶಕದ ಉತ್ತರಾರ್ಧದಲ್ಲಿ ರಾಜ್ಯವು ಪಾನನಿರೋಧವನ್ನು ಹಿಂದಕ್ಕೆ ತೆಗೆದುಕೊಂಡಿತು. ಅಬಕಾರಿಯ ಆದಾಯವಿಲ್ಲದೆ ಶಾಲೆ, ನೀರಾವರಿ, ರಸ್ತೆಗಳ ಯೋಜನೆ ಸಾಗದೆಂಬುದು ಕಾರಣವಾಗಿತ್ತು. ನಿಜಲಿಂಗಪ್ಪನವರ ವೈಯಕ್ತಿಕ ಶುಚಿತ್ವವನ್ನು ಅವರ ವಿರೋಧಿಗಳೂ ಶಂಕಿಸಲಿಲ್ಲ. ಹಾಗಿದ್ದೂ ಈ ನಿರ್ಣಯವನ್ನು ಪ್ರತಿಭಟಿಸಿ ಯಶೋಧರಮ್ಮ ದಾಸಪ್ಪನವರು ಸಚಿವ ಪದವಿಯನ್ನು ತ್ಯಜಿಸಿದರು. ಸ್ವಾತಂತ್ರ್ಯ ಸಂಗ್ರಾಮದ ಯೋಧೆಯಾದ ಆಕೆ, 1957ರಲ್ಲಿ ಬೆಂಗಳೂರಿನಿಂದಲೇ ಲೋಕಸಭೆಗೆ ಆಯ್ಕೆಯಾಗಿದ್ದ ಎಚ್. ಸಿ. ದಾಸಪ್ಪನವರ ಪತ್ನಿ. ಪದವಿಯ ಒಳಗಿದ್ದೂ ಚಳವಳಿಯ ವ್ರತಕ್ಕೆ ಬದ್ಧರಾಗಿ ಉಳಿದವರ ಸಣ್ಣ ಪಟ್ಟಿಯಲ್ಲಿ ಆಕೆಯ ಹೆಸರು ಮೊದಲನೆಯದಾಗಿರಬೇಕು.

ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರ ಪ್ರಕರಣವು ಇನ್ನೂ ಜಟಿಲವಾದುದು. ವಿಧಾನಸೌಧದ ಹೆಬ್ಬಾಗಿಲ ಮೇಲೆ ಸರ್ಕಾರದ ಕೆಲಸವು ದೇವರ ಕೆಲಸವೆಂದು ಕೆತ್ತಿಸಿದ ಅವರ ಶ್ರದ್ಧೆಯನ್ನು ನಾನು ಹಗುರವಾಗಿ ಕಾಣಲಾರೆ. ಆಳರಸರ ಅರಮನೆಗಿಂತ ಪ್ರಜೆಗಳ ಮಂದಿರವು ಕಿರಿದಾಗಬಾರದೆಂಬ ಆತ್ಮಾಭಿಮಾನದ ಅಭಿವ್ಯಕ್ತಿ ಅದು. ಹಳೆಯ ಮೈಸೂರಿನ ಪ್ರಬಲ ವರ್ಗವು ಕನ್ನಡ ನಾಡಿನ ಏಕೀಕರಣವನ್ನು ವಿರೋಧಿಸುತ್ತಿದ್ದಾಗ ಅದನ್ನು ಬೆಂಬಲಿಸಿ ನಿಂತ ಧೈರ್ಯವೂ ಅವರದೇ, ಮತ್ತು 1956ರ ನವೆಂಬರ್ 1ರಂದು ರಾಜ್ಯವು ಉದಯಿಸಿದಾಗ ಅದರ ಮುಖ್ಯಮಂತ್ರಿ ಅವರಾಗಿರಲಿಲ್ಲ. ಆಗಸ್ಟಿನಲ್ಲಿಯೇ ಪದವಿ ಹೋಗಿತ್ತು. ಏಕೀಕರಣದ ಚಳವಳಿಯೂ ಆ ನವೆಂಬರ್ 1ರಂದೇ ಇಬ್ಭಾಗವಾಯಿತೆನ್ನಬಹುದು: ಗಡಿಯೊಳಗಿನವರಿಗೆ ಅದು ಉತ್ಸವವಾಯಿತು, ಕೇರಳಕ್ಕೆ ಸೇರಿದ ಕಾಸರಗೋಡಿನವರಿಗೆ ಮುಗಿಯದ ಹೋರಾಟವಾಗಿಯೇ ಉಳಿಯಿತು. ಚಂದ್ರಗಿರಿಯ ಉತ್ತರದ ಪ್ರದೇಶವು ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ವರದಿ ಮಾಡಿದರೂ ಅದು ಜಾರಿಯಾಗಲಿಲ್ಲ. ಬೆಂಗಳೂರಿನಲ್ಲಿ ರಾಜ್ಯೋತ್ಸವದ ಮೆರವಣಿಗೆಗಳು ಬೆಳೆದಂತೆಲ್ಲ ಕಾಸರಗೋಡಿನ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರ ದನಿಯನ್ನು ಕೇಳುವವರು ವಿರಳರಾದರು.

ಅಧಿಕಾರದ ದಾರಿಯನ್ನು ಹಿಡಿಯದವರೂ ಇದ್ದರು. ನಮ್ಮ ದಕ್ಷಿಣ ಬೆಂಗಳೂರು ಅಂತಹವರ ನೆಲೆಯಾಗಿತ್ತೆಂಬುದು ನಮಗೆ ಸಂತೋಷದ ವಿಷಯ. ದೇಶೀಯ ಸಂಸ್ಥಾನಗಳಲ್ಲಿ ಪ್ರಜಾಪ್ರತಿನಿಧಿ ಆಡಳಿತವು ಬರಬೇಕೆಂದು ದೀರ್ಘಕಾಲ ಬರೆದ ಡಿ. ವಿ. ಗುಂಡಪ್ಪನವರು, ಅದು ಬರುವ ಹೊತ್ತಿಗೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಮತದಾರನಿಗೆ ರಾಜ್ಯಕಾರಣದ ಶಿಕ್ಷಣವನ್ನು ಕೊಡಲು ಕುಳಿತರು. 1942ರಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋದ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾಗಿ, ಅದರ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ಜೀವಮಾನವನ್ನು ಕಳೆದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. 1965ರಲ್ಲಿ ಜಯನಗರದಲ್ಲಿಯೂ ನ್ಯಾಷನಲ್ ಕಾಲೇಜು ತೆರೆಯಿತು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂದು ಅವರು ವಿದ್ಯಾರ್ಥಿಗಳಿಗೆ ಕಲಿಸಿದ್ದು, ಸತ್ಯಾಗ್ರಹಿಯ ಧರ್ಮವನ್ನೇ ತರಗತಿಯ ಭಾಷೆಗೆ ತಂದ ಹಾಗೆ.

1977ರ ಮಾರ್ಚಿನಲ್ಲಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ನಡೆದ ಸ್ಪರ್ಧೆಯು ಈ ಇತಿಹಾಸದ ಒಂದು ಸಂಧಿಸ್ಥಾನ. ಒಂದು ಕಡೆ ಹನುಮಂತಯ್ಯನವರು, ಮೈಸೂರಿನ ಜನಚಳವಳಿಯ ಹಿರಿಯರು, ನಗರವನ್ನು ಮೂರು ಬಾರಿ ಸಂಸತ್ತಿನಲ್ಲಿ ಪ್ರತಿನಿಧಿಸಿದವರು; ಇನ್ನೊಂದು ಕಡೆ, 1973ರಲ್ಲಿ ತಮ್ಮನ್ನು ದಾಟಿ ಕಿರಿಯರಿಗೆ ಮುಖ್ಯ ನ್ಯಾಯಾಧೀಶ ಪದವಿಯನ್ನು ಕೊಟ್ಟಾಗ ಸರ್ವೋಚ್ಚ ನ್ಯಾಯಾಲಯಕ್ಕೆ ರಾಜೀನಾಮೆಯಿತ್ತ ಕೆ. ಎಸ್. ಹೆಗ್ಡೆಯವರು. ತುರ್ತುಪರಿಸ್ಥಿತಿಯ ಕಾಲದಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಹಿಡಿದಿಟ್ಟಿದ್ದ, ಸ್ನೇಹಲತಾ ರೆಡ್ಡಿಯವರ ಆರೋಗ್ಯವನ್ನು ಹಾಳುಮಾಡಿ ಬಿಡುಗಡೆಯ ಕೆಲವೇ ದಿನಗಳಲ್ಲಿ ಅವರ ಮರಣಕ್ಕೆ ಕಾರಣವಾದ ಕಾರಾಗೃಹವೂ ಇದೇ ನಗರದಲ್ಲಿತ್ತು. ರಾಜ್ಯದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸು ಗೆದ್ದ ಆ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ದೊರೆತ ಎರಡರಲ್ಲಿ ಬೆಂಗಳೂರು ದಕ್ಷಿಣವೂ ಒಂದು. ಅದರ ಅಭ್ಯರ್ಥಿಯಾಗಿ ಗೆದ್ದ ಹೆಗ್ಡೆಯವರು ಲೋಕಸಭೆಯ ಅಧ್ಯಕ್ಷರಾದರು; 1980ರಲ್ಲಿ ಅದೇ ಕ್ಷೇತ್ರವು ಬೈಸಿಕಲ್ಲಿನಲ್ಲಿಯೇ ಓಡಾಡುತ್ತಿದ್ದ ಟಿ. ಆರ್. ಶಾಮಣ್ಣನವರನ್ನು ಆರಿಸಿತು. ಆದರೆ ಕೇಂದ್ರದಲ್ಲಿ ಜನತಾ ಸರ್ಕಾರವು 1979ರ ಜುಲೈನಲ್ಲಿ ಒಳಜಗಳದಿಂದ ಮುರಿದುಬಿದ್ದಿತ್ತು, ಅಕ್ಟೋಬರಿನಲ್ಲಿ ಜಯಪ್ರಕಾಶ ನಾರಾಯಣರು ತೀರಿಕೊಂಡಿದ್ದರು. ಯಾವ ಪದವಿಯನ್ನೂ ಸ್ವೀಕರಿಸದ ಆ ಪುರುಷನ ಹೆಸರನ್ನು ಸರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿಗಳ ನಡುವೆ ಎದ್ದ ಜೆ. ಪಿ. ನಗರ ಹೊತ್ತಿದೆ, ಅಲ್ಲಿಯ ಭೂಮಿಯನ್ನು ಬಡಾವಣೆಯಾಗಿಸಿದ ಅಭಿವೃದ್ಧಿ ಪ್ರಾಧಿಕಾರದ ಶಾಸನ ಮಾತ್ರ ತುರ್ತುಪರಿಸ್ಥಿತಿಯ ವರ್ಷವಾದ 1976ರದು.

ಜನತಾ ಚಳವಳಿಯ ಉತ್ತಮ ಫಲವನ್ನು ದೆಹಲಿಯಲ್ಲಲ್ಲ, 1983ರ ಬಳಿಕ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಪಂಚಾಯತ್ ರಾಜ್ ಖಾತೆಯನ್ನು ನಿರ್ವಹಿಸಿದ ಅಬ್ದುಲ್ ನಜೀರ್ ಸಾಬ್ ಅವರ ಕೆಲಸದಲ್ಲಿ ನೋಡಬೇಕು. ಬರಗಾಲದಲ್ಲಿ ಕೊಳವೆಬಾವಿಗಳನ್ನು ತೋಡಿಸಿ 'ನೀರ್ ಸಾಬ್' ಎನಿಸಿಕೊಂಡ ಅವರು, ತಮ್ಮ ಕೈಗೆ ಬಂದ ಅಧಿಕಾರವನ್ನು ಹಂಚಿಬಿಡುವ ಶಾಸನವನ್ನು ರೂಪಿಸಿದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ಚುನಾವಣೆ ನಡೆದು, ನಾಲ್ಕರಲ್ಲಿ ಒಂದು ಸ್ಥಾನವು ಸ್ತ್ರೀಯರಿಗೆ ಮೀಸಲಾಯಿತು. ಜಿಲ್ಲೆಯ ಅಧಿಕಾರಿಗಳು ಚುನಾಯಿತ ಅಧ್ಯಕ್ಷರಿಗೆ ಉತ್ತರ ಹೇಳಬೇಕಾಯಿತು. ಚಳವಳಿಗಾರನು ಮಂತ್ರಿಯಾದಾಗ ತನ್ನನ್ನೇ ಪ್ರಶ್ನಿಸುವ ಸಂಸ್ಥೆಗಳನ್ನು ತಾನೇ ಕಟ್ಟಿದ ಇಂಥ ನಿದರ್ಶನವು ನಮ್ಮ ಇತಿಹಾಸದಲ್ಲಿ ಅಪೂರ್ವ. 1988ರಲ್ಲಿ ಅವರು ನಿಧನರಾದರು. ಹೆಗಡೆಯವರ ಸರ್ಕಾರವು ಅದೇ ವರ್ಷ ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ಕೊನೆಗೊಂಡಿತು. ಆದರೆ ಪಂಚಾಯತಿಗಳ ಮಾದರಿಯು 73ನೆಯ ತಿದ್ದುಪಡಿಯ ಮೂಲಕ ದೇಶದ ಸಂವಿಧಾನವನ್ನೇ ಪ್ರವೇಶಿಸಿತು.

ಹಳ್ಳಿಗೆ ದೊರೆತ ಈ ಹಕ್ಕು ರಾಜಧಾನಿಗೆ ಅಷ್ಟು ದೃಢವಾಗಿ ದೊರೆಯಲಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆದು, ಆ ಸಭೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ಅನೇಕ ವರ್ಷಗಳು ಚುನಾಯಿತ ಸದಸ್ಯರಿಲ್ಲದೆಯೇ ಕಳೆದವು. ವಾರ್ಡುಗಳ ಮರುವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ, ಪಾಲಿಕೆಯ ವಿಭಜನೆ ಎಂಬ ಕಾರಣಗಳು ಒಂದರ ಹಿಂದೊಂದು ಬಂದವು. ಈ ಅವಧಿಯಲ್ಲಿ ರಾಜ್ಯವನ್ನಾಳಿದ ಪಕ್ಷಗಳೆರಡರಲ್ಲಿ ಒಂದು 1947ರ ಹೋರಾಟವನ್ನೂ ಇನ್ನೊಂದು 1975ರ ಸೆರೆವಾಸವನ್ನೂ ತನ್ನ ಪಿತ್ರಾರ್ಜಿತವೆಂದು ಹೇಳಿಕೊಳ್ಳುತ್ತದೆ. ಜಯನಗರದಲ್ಲಿ, ಬನಶಂಕರಿಯಲ್ಲಿ, ಜೆ. ಪಿ. ನಗರದಲ್ಲಿ, ಬಿ.ಟಿ.ಎಂ. ಬಡಾವಣೆಯಲ್ಲಿ ಕೊಳಚೆನೀರು ಮನೆಯೊಳಕ್ಕೆ ನುಗ್ಗಿದವನು ಆ ವರ್ಷಗಳಲ್ಲಿ ತನ್ನ ಅಹವಾಲನ್ನು ಹೇಳಿಕೊಳ್ಳಬೇಕಾದದ್ದು ಸರ್ಕಾರದಿಂದ ನೇಮಕಗೊಂಡ ಆಡಳಿತಾಧಿಕಾರಿಗೆ.